ಟ್ಯಾಂಕಿನ ಮೀನು ಟೀ ಶರ್ಟಿಗೆ ಬಂದಾಗ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಎಲ್ಲರಿಗೂ ನಮಸ್ಕಾರ. ನಮ್ಮ ಬಳಗದಲ್ಲಿ ಮೀನು ಸಾಕುವವರಿಗಿಂತ ಮೀನು ಬಿಡಿಸುವವರೇ ಜಾಸ್ತಿ ಆಗುತ್ತಿದ್ದಾರೆ. ಟೀ ಶರ್ಟ್, ಮಗ್, ಕೀಚೈನ್, ರೆಸಿನ್ ಅಂತ ದಿನಾ ಒಂದು ಪ್ರಶ್ನೆ. ನನ್ನ ಹೊಟ್ಟೆಪಾಡು ಪ್ರಿಂಟ್ ಡಿಸೈನು. ಮುಂಬೈನ ಮಾಟುಂಗಾದ ಮನೆಯಲ್ಲಿ ನಾಲ್ಕು ಟ್ಯಾಂಕ್ ಇವೆ (ಹೆಂಡತಿಯ ಲೆಕ್ಕದಲ್ಲಿ ಆರು, ಬಾಲ್ಕನಿಯ ಬಕೆಟ್ ಸೇರಿಸಿ). ಗೊತ್ತಿರುವಷ್ಟು ಹೇಳುತ್ತೇನೆ.

ಪ್ರಶ್ನೆ (ಡೊಂಬಿವಲಿ): ನಿಯಾನ್ ಟೆಟ್ರಾ ಮೀನಿನ ಹಿಂಡನ್ನು ಐಪ್ಯಾಡಿನಲ್ಲಿ ಬಿಡಿಸಿ ಹತ್ತು ಟೀ ಶರ್ಟ್ ಮಾಡಿಸಿದೆ. ಸ್ಕ್ರೀನಿನಲ್ಲಿ ನೀಲಿ ಪಟ್ಟೆ ಮಿಂಚುತ್ತಿತ್ತು. ಬಟ್ಟೆಯ ಮೇಲೆ ಹಳೇ ಲುಂಗಿಯ ಬಣ್ಣ ಬಂದಿದೆ. ಫೈಲೇ ಸರಿ ಇಲ್ಲ ಅಂತಾರೆ ಪ್ರಿಂಟರ್. ತಪ್ಪು ಯಾರದು?

ಉತ್ತರ: ತಪ್ಪು ಮೀನಿನದು! ನಿಯಾನ್ ಮೈಯಲ್ಲಿ ಆ ನೀಲಿ ಬಣ್ಣ ಅನ್ನೋದೇ ಇಲ್ಲ. ಚರ್ಮದ ಕೋಶಗಳಲ್ಲಿ ಗ್ವಾನಿನ್ ಅನ್ನುವ ವಸ್ತುವಿನ ತೆಳ್ಳನೆಯ ಹರಳುಗಳು ಪದರ ಪದರವಾಗಿ ಕೂತಿರುತ್ತವೆ. ಬೆಳಕು ಅವುಗಳಿಗೆ ಬಡಿದು ನೀಲಿಯಾಗಿ ವಾಪಸ್ ಬರುತ್ತದೆ. ನಾಳೆ ಬೆಳಗ್ಗೆ ಟ್ಯಾಂಕಿನ ಲೈಟ್ ಹಾಕಿದ ಕೂಡಲೇ ನೋಡಿ, ಮೀನುಗಳು ಪೇಲವವಾಗಿ ನಿಂತಿರುತ್ತವೆ. ಸ್ವಲ್ಪ ಹೊತ್ತಿಗೆ ಪಟ್ಟೆ ಹೊತ್ತಿಕೊಳ್ಳುತ್ತದೆ. ನಿಮ್ಮ ಐಪ್ಯಾಡ್ ಕೂಡ ಬೆಳಕನ್ನೇ ಹೊಮ್ಮಿಸುತ್ತದೆ, ಅದಕ್ಕೇ ಅಲ್ಲಿ ಚೆಂದ ಕಂಡಿತು. ಪ್ರಿಂಟರಿನ ನಾಲ್ಕು ಇಂಕುಗಳಿಗೆ ಆ ನೀಲಿ ಎಟುಕುವುದಿಲ್ಲ.

ಹಾಗಾಗಿ ನೀಲಿಯ ಹಿಂದೆ ಓಡಬೇಡಿ, ಅದರ ಸುತ್ತ ಕತ್ತಲೆ ಮಾಡಿ. ಕಪ್ಪು ಶರ್ಟ್ ತೆಗೆದುಕೊಳ್ಳಿ, ಪಟ್ಟೆಯ ಬಣ್ಣದ ಅಡಿಗೆ ಬಿಳಿ ಪದರ (ಬೇಸ್) ಕೊಡಿಸಿ, ಪಟ್ಟೆಯ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ ಎಳೆಯಿರಿ. ಕಣ್ಣು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಇನ್ನೊಂದು ವಿಷಯ ಕೇಳಿ ನೋಡಿ: ಕಾಟನ್ ಶರ್ಟಿಗೆ ಸಬ್ಲಿಮೇಷನ್ (ಬಿಸಿ ಮಾಡಿ ಬಣ್ಣವನ್ನು ಬಟ್ಟೆಗೆ ಇಳಿಸುವ ಪ್ರಿಂಟ್) ಮಾಡಿದ್ದಾರಾ ಅಂತ. ಅದು ಪಾಲಿಯೆಸ್ಟರಿಗೆ ಮಾತ್ರ ಹಿಡಿಯುತ್ತದೆ. ಕಾಟನ್ ಆದರೆ ಸ್ಕ್ರೀನ್ ಪ್ರಿಂಟ್ ಅಥವಾ ಡಿಟಿಎಫ್ (ಫಿಲ್ಮಿನ ಮೇಲೆ ಪ್ರಿಂಟ್ ಮಾಡಿ ಬಟ್ಟೆಗೆ ಒತ್ತುವುದು).

ಬೇಜಾರಾಗಬೇಡಿ, ಚಿತ್ರದಲ್ಲೂ ಒಂದು ಎಡವಟ್ಟಿದೆ. ಕೆಂಪು ಪಟ್ಟೆಯನ್ನು ಮೂತಿಯ ಹತ್ತಿರದಿಂದ ಬಾಲದವರೆಗೂ ಎಳೆದಿದ್ದೀರಿ. ಅದು ಕಾರ್ಡಿನಲ್ ಟೆಟ್ರಾ. ನಿಯಾನಿಗೆ ಕೆಂಪು ಶುರುವಾಗುವುದೇ ಹೊಟ್ಟೆಯ ನಡುವಿನಿಂದ. ಬೆನ್ನ ಮೇಲೆ ಬಾಲದ ಹತ್ತಿರ ಇರುವ ಪುಟಾಣಿ ಈಜುರೆಕ್ಕೆಯೂ ಬಿಟ್ಟುಹೋಗಿದೆ. ಅಂಗಡಿಯಲ್ಲಿ ಸಿಗುವ ಸಾವಿರ ಮೀನಿನ ಶರ್ಟುಗಳು ಬಿಟ್ಟು ನಿಮ್ಮದನ್ನು ಯಾಕೆ ಕೊಳ್ಳಬೇಕು? ಇದನ್ನು ಬಿಡಿಸಿದವರು ಮೀನು ಸಾಕಿದ್ದಾರೆ ಅಂತ ನೋಡಿದ ತಕ್ಷಣ ಗೊತ್ತಾಗಬೇಕು. ನಮ್ಮ ಬಂಡವಾಳ ಅದೊಂದೇ ಅಲ್ವಾ?

ಪ್ರಶ್ನೆ (ಮುಲುಂಡ್): ಮಗ್ ಮೇಲೆ "ಇನ್ನೊಂದೇ ಟ್ಯಾಂಕ್, ಅಷ್ಟೇ" ಅಂತ ಕನ್ನಡದಲ್ಲಿ ಬರೆಸಬೇಕು. ಅಕ್ಷರ ಒಡೆಯದ ಹಾಗೆ ಏನು ಮಾಡಲಿ?

ಉತ್ತರ: ಸಾಲು ಸೂಪರ್, ಮನೆ ಮನೆ ಕಥೆ. ಫೈಲ್ ಕಳಿಸುವ ಮುಂಚೆ ಅಕ್ಷರಗಳನ್ನು ಔಟ್‌ಲೈನಿಗೆ ಬದಲಾಯಿಸಿ, ಅಂದರೆ ಅಕ್ಷರ ಹೋಗಿ ಆಕಾರ ಆಗಬೇಕು. ಇಲ್ಲದಿದ್ದರೆ ಆ ಕಡೆಯ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದೆ ಒತ್ತಕ್ಷರ ಚೆಲ್ಲಾಪಿಲ್ಲಿ. ನನ್ನದೇ ಒಂದು ಕೆಲಸದಲ್ಲಿ "ಅಷ್ಟೇ" ಹೋಗಿ "ಅಷ್‌ಟೇ" ಅಂತ ನಲವತ್ತು ಮಗ್ ಬಂದವು. ಪ್ರೆಸ್ಸಿನಲ್ಲಿ ಯಾರಿಗೂ ಕನ್ನಡ ಬಾರದು, ಅವರ ಕಣ್ಣಿಗೆ ಅದು ಚೆನ್ನಾಗೇ ಕಂಡಿತ್ತು. ಈಗಲೂ ಅದರಲ್ಲೇ ಚಹಾ ಕುಡಿಯುತ್ತೇನೆ.

ಪ್ರಶ್ನೆ (ಬೋರಿವಲಿ): ನೆಟ್ಟಿನಲ್ಲಿ ಸಿಕ್ಕ ಬೆಟ್ಟಾ ಮೀನಿನ ಫೋಟೋ ಟ್ರೇಸ್ ಮಾಡಿ ಬಣ್ಣ ಬದಲಾಯಿಸಿ ಮಾರಬಹುದಾ?

ಉತ್ತರ: ಬೇಡ. ಬೆಟ್ಟಾ ಯಾರ ಸ್ವತ್ತೂ ಅಲ್ಲ, ಆದರೆ ಆ ಫೋಟೋ ತೆಗೆದವರದು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಫೋಟೋಗೆ ನೋಂದಣಿ ಇಲ್ಲದಿದ್ದರೂ ಹಕ್ಕು ಇರುತ್ತದೆ. ಬಣ್ಣ ಬದಲಾಯಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ನಿಮ್ಮ ಮನೆಯಲ್ಲೇ ಬೆಟ್ಟಾ ಇದೆಯಲ್ಲ. ಗಾಜು ಒರೆಸಿ, ರೂಮಿನ ಲೈಟ್ ಆರಿಸಿ, ಕನ್ನಡಿ ತೋರಿಸಿ. ಕಿವಿರು ಅರಳಿಸಿಕೊಂಡು ತಾನೇ ಪೋಸ್ ಕೊಡುತ್ತದೆ. ಒಂದೆರಡು ನಿಮಿಷ ಸಾಕು, ಜಾಸ್ತಿ ರೇಗಿಸಬೇಡಿ.

ಒಂದು ಮಾತು, ಬೆಟ್ಟಾ ಮತ್ತು ಕೋಯಿ ಎಲ್ಲರೂ ಬಿಡಿಸುತ್ತಾರೆ. ನಮ್ಮ ಪಶ್ಚಿಮ ಘಟ್ಟದ ಡೆನಿಸನ್ ಬಾರ್ಬ್ ಇದೆಯಲ್ಲ, ಮಿಸ್ ಕೇರಳ ಅನ್ನುತ್ತಾರೆ, ಅದನ್ನು ನೋಡಿ. ಮೂತಿಯಿಂದ ಕಣ್ಣು ದಾಟಿ ಮೈ ನಡುವಿನವರೆಗೆ ಕೆಂಪು, ಕೆಳಗೆ ಉದ್ದಕ್ಕೂ ಕಪ್ಪು, ಬಾಲದಲ್ಲಿ ಕಪ್ಪು ಹಳದಿ. ಮೂರು ಇಂಕಿನ ಸ್ಕ್ರೀನ್ ಪ್ರಿಂಟಿಗೆ ಹೇಳಿ ಮಾಡಿಸಿದ ಮೀನು. ಕೇರಳ, ಕರ್ನಾಟಕದ ಹೊಳೆಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲ. ಅಳಿವಿನಂಚಿನ ಪಟ್ಟಿಯಲ್ಲೂ ಇದೆ.

ಪ್ರಶ್ನೆ (ಅಂಧೇರಿ): ನಾನು ಮಾಡಿದ ರೆಸಿನ್ ಆಮೆಯನ್ನು ಟ್ಯಾಂಕಿನೊಳಗೆ ಇಡಬಹುದಾ?

ಉತ್ತರ: ಶೋಕೇಸಿನಲ್ಲಿ ಇಡಿ. ಪೂರ್ತಿ ಗಟ್ಟಿಯಾದ ಎಪಾಕ್ಸಿ ರೆಸಿನ್‌ಗಿಂತ ಅದರ ಮೇಲಿನ ಬಣ್ಣದ್ದೇ ಚಿಂತೆ. ಬಣ್ಣದಲ್ಲಿ ತಾಮ್ರದ ಅಂಶವಿದ್ದು ಸ್ವಲ್ಪ ನೀರಿಗಿಳಿದರೂ ಸೀಗಡಿಗಳು ಸಾಯುತ್ತವೆ. ಹಾಗೇ ಜೂನ್‌ನಿಂದ ಸೆಪ್ಟೆಂಬರ್ ತನಕ ಕಿಟಕಿ ತೆರೆದು ರೆಸಿನ್ ಸುರಿಯಬೇಡಿ. ಮುಂಬೈ ಮಳೆಗಾಲದ ತೇವಕ್ಕೆ ಮೇಲ್ಮೈ ಮಬ್ಬಾಗಿ ಜಿಡ್ಡು ಜಿಡ್ಡಾಗುತ್ತದೆ.

ಪ್ರಶ್ನೆ (ವಾಶಿ): ಏಳು ವರ್ಷ ಸಾಕಿದ ಆಸ್ಕರ್ ಮೀನು ಮೊನ್ನೆ ತೀರಿಕೊಂಡಿತು. ಬಿಸಾಡಲು ಮನಸ್ಸಾಗದೆ ಫ್ರೀಜರಿನಲ್ಲಿ ಇಟ್ಟಿದ್ದೇನೆ. ಮನೆಯವರು ನಗುತ್ತಾರೆ. ಏನಾದರೂ ನೆನಪು ಉಳಿಸಿಕೊಳ್ಳಬಹುದಾ?

ಉತ್ತರ: ನಗಲಿ ಬಿಡಿ. ಏಳು ವರ್ಷ ಅಂದರೆ ಸುಮ್ನೆ ಅಲ್ಲ. ಆಸ್ಕರ್ ಕೈಯಿಂದಲೇ ತಿನ್ನುತ್ತದೆ, ನಮ್ಮನ್ನು ಗುರುತು ಹಿಡಿಯುತ್ತದೆ. ನೀವು ಗ್ಯೋಟಾಕು ಮಾಡಿ. 19ನೇ ಶತಮಾನದ ನಡುವೆ ಜಪಾನಿನ ಮೀನುಗಾರರು ತಾವು ಹಿಡಿದ ಮೀನಿನ ಗಾತ್ರ ದಾಖಲಿಸಲು ಅದಕ್ಕೆ ಇಂಕು ಹಚ್ಚಿ ಕಾಗದಕ್ಕೆ ಒತ್ತುತ್ತಿದ್ದರು. ಈಗ ಅದೇ ಒಂದು ಕಲೆ.

ನೇರವಾಗಿ ಆಸ್ಕರ್ ಮೇಲೆ ಕೈ ಇಡಬೇಡಿ. ಮೊದಲು ಅಭ್ಯಾಸಕ್ಕೆ ಮಾರ್ಕೆಟ್ಟಿನಿಂದ ತಿಲಾಪಿಯಾ ತನ್ನಿ. ಇಲ್ಲಿ ಚಿಲಾಪಿ ಅನ್ನುತ್ತಾರೆ, ನಮ್ಮೂರ ಕಡೆ ಜಿಲೇಬಿ ಮೀನು. ಅದೂ ಆಸ್ಕರೂ ಒಂದೇ ಸಿಕ್ಲಿಡ್ ಕುಟುಂಬ, ಮೈಕಟ್ಟೂ ಹತ್ತಿರ, ಹುರುಪೆ ಚೆನ್ನಾಗಿ ಮೂಡುತ್ತದೆ. ಪಾಪ್ಲೆಟ್ (ಪಾಂಫ್ರೆಟ್) ಬೇಡ. 2023ರಲ್ಲಿ ಮಹಾರಾಷ್ಟ್ರದ ರಾಜ್ಯ ಮೀನಾಯಿತು ನಿಜ, ಆದರೆ ಹುರುಪೆ ತೀರಾ ಸಣ್ಣದು, ದುಡ್ಡೂ ದಂಡ.

ಉಪ್ಪು ಸವರಿ ಲೋಳೆ ತೆಗೆಯಿರಿ, ತೊಳೆಯಿರಿ, ಒರೆಸಿ. ಕಿವಿರಿನೊಳಗೆ ಟಿಶ್ಯೂ ತುರುಕಿ, ಇಲ್ಲದಿದ್ದರೆ ಒತ್ತುವಾಗ ನೀರು ಬಂದು ಕಲೆಯಾಗುತ್ತದೆ. ಥರ್ಮಾಕೋಲನ್ನು ಮೀನಿನ ಆಕಾರಕ್ಕೆ ಕೊರೆದು ಅದರಲ್ಲಿ ಮಲಗಿಸಿ. ಈಜುರೆಕ್ಕೆಗಳನ್ನು ಅರಳಿಸಿ ಗುಂಡುಪಿನ್ನು ಚುಚ್ಚಿ. ಇಂಕು ತೆಳ್ಳಗೆ, ಮೊದಲು ತಲೆಯಿಂದ ಬಾಲಕ್ಕೆ, ಆಮೇಲೆ ಬಾಲದಿಂದ ತಲೆಗೆ. ಹಿಂದಕ್ಕೆ ಎಳೆದಾಗಲೇ ಹುರುಪೆಯ ಅಂಚಿಗೆ ಇಂಕು ಕೂರುವುದು. ಕಣ್ಣಿಗೆ ಹಚ್ಚಬೇಡಿ. ತೆಳು ಹ್ಯಾಂಡ್‌ಮೇಡ್ ಕಾಗದ ಅಥವಾ ಹಳೇ ಮಲ್ಮಲ್ ಬಟ್ಟೆ ಹಾಸಿ, ನಡುವಿನಿಂದ ಅಂಚಿಗೆ ಬೆರಳಲ್ಲಿ ಒತ್ತುತ್ತಾ ಹೋಗಿ. ಕಾಗದ ಜರುಗಬಾರದು. ಎಡಕ್ಕೆ ನೋಡುವ ಮೀನು ಬಲಕ್ಕೆ ನೋಡುತ್ತಾ ಬರುತ್ತದೆ, ಗಾಬರಿಯಾಗಬೇಡಿ. ಕಣ್ಣನ್ನು ಕೊನೆಗೆ ಕುಂಚದಲ್ಲಿ ಬಿಡಿಸಿ. ಚೆನ್ನಾಗಿ ಬಂದರೆ ಸ್ಕ್ಯಾನ್ ಮಾಡಿ ಶರ್ಟಿಗೂ ಹಾಕಬಹುದು. ಆದರೆ ಮೂಲ ಪ್ರತಿ ಮಾತ್ರ ಎಷ್ಟು ದುಡ್ಡಿಗೂ ಮಾರಬೇಡಿ.

ಆಸ್ಕರನ್ನು ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ನಿಧಾನಕ್ಕೆ ಕರಗಿಸಿ. ಕೆಲಸ ಬೆಳಗ್ಗೆ ಬೇಗ ಮುಗಿಸಿ, ಸೊಸೈಟಿಯವರು ಎದ್ದು ವಾಸನೆ ಹಿಡಿಯುವ ಮುಂಚೆ.

ವಾಶಿಯವರು ಭಾನುವಾರ ಬರೆದದ್ದು: ಮೂರು ಚಿಲಾಪಿ ಆಯಿತು. ಮೊದಲನೆಯದು ಬರೀ ಮಸಿ. ಎರಡನೆಯದಕ್ಕೆ ಮೂತಿ ಎರಡು. ಮೂರನೆಯದರಲ್ಲಿ ಹುರುಪೆ ಒಂದೊಂದೂ ಎಣಿಸಬಹುದು! ನಾಳೆ ಆಸ್ಕರ್. ಕಣ್ಣಿನ ಸುತ್ತ ಕಿತ್ತಳೆ ಬಣ್ಣ ಹಾಕಲೋ, ಕಪ್ಪೇ ಇರಲೋ? ಮತ್ತೆ ನಮ್ಮತ್ತೆ ಕೇಳುತ್ತಿದ್ದಾರೆ, ತೊಳೆದರೆ ಆ ಮೂರು ಮೀನು ಸಾರಿಗೆ ಆಗುತ್ತಾ ಅಂತ.

ಉತ್ತರ: ಕಣ್ಣಿಗೆ ನಿಮ್ಮ ಆಸ್ಕರಿಗೆ ಇದ್ದ ಬಣ್ಣವನ್ನೇ ಹಾಕಿ, ಫೋಟೋ ನೋಡಿಕೊಂಡು. ಸಾರಿಗೆ ಆಗಲ್ಲ, ಇಂಡಿಯನ್ ಇಂಕ್ ಅದು. ಅತ್ತೆಯವರಿಗೆ ನನ್ನ ಕಡೆಯಿಂದ ಒಂದು ಕಿಲೋ ಬಂಗಡೆ.