ಎರಡು ಕಂಪ್ಯೂಟರ್ ಸೇರಿದರೆ ಒಂದಕ್ಕಿಂತ ನಿಧಾನ! ಯಾಕೆ?

ಹಳೇಟೇಪು:
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಅಪ್ಪ ತೆಗೆದ 40 ಮಿನಿಡಿವಿ ವಿಡಿಯೊ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದೇನೆ. ಯಾರಾದರೂ ಕೈ ಬೀಸಿದರೆ ಸಾಕು, ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ. ಅದನ್ನು ತೆಗೆಯೋಕೆ ಕ್ಯೂಟಿಜಿಎಂಸಿ ಅನ್ನುವ ಫಿಲ್ಟರ್ ಬಳಸುತ್ತಿದ್ದೇನೆ, ಆಮೇಲೆ ವಿಡಿಯೊ ಕುಗ್ಗಿಸೋಕೆ ಎಕ್ಸ್264 ಅನ್ನುವ ಎನ್‌ಕೋಡರ್. ಡೆಸ್ಕ್‌ಟಾಪ್ ಒಂದೇ ಆದರೆ ಒಂದು ಗಂಟೆಯ ಟೇಪಿಗೆ 2 ಗಂಟೆ ಹಿಡಿಯುತ್ತದೆ. ಲ್ಯಾಪ್‌ಟಾಪನ್ನೂ ಜೋಡಿಸಿ ಕೆಲಸ ಹಂಚಿದೆ. ಈಗ 3 ಗಂಟೆ 20 ನಿಮಿಷ! ಸೆಟ್ಟಿಂಗ್ ಎಲ್ಲ ಸರಿಯಾಗಿದೆ, ಹತ್ತು ಸಲ ನೋಡಿದ್ದೇನೆ. ದಯವಿಟ್ಟು ಯಾರಾದರೂ ಹೇಳಿ.

ತಂತಿಜಾಲ:
ಕೇಬಲ್ಲೇ ಸರ್, ಅನುಮಾನವೇ ಬೇಡ. ಗಿಗಾಬಿಟ್ ವೇಗಕ್ಕೆ ಒಳಗಿನ 8 ತಂತಿಯೂ ಬೇಕು. ಒಂದು ಜೋಡಿ ಕೈಕೊಟ್ಟರೂ ಸದ್ದಿಲ್ಲದೆ 100 ಮೆಗಾಬಿಟ್‌ಗೆ ಇಳಿದುಬಿಡಬಹುದು. ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ಓಡಿಸಿ ಎಷ್ಟು ಬರುತ್ತದೆ ಹೇಳಿ.

ಹಳೇಟೇಪು:
94 ಮೆಗಾಬಿಟ್ ಬಂತು.

ತಂತಿಜಾಲ:
ಹೇಳಿದೆನಲ್ಲ! ಕೇಬಲ್ ಬದಲಾಯಿಸಿ, ಎಲ್ಲ ಸರಿಹೋಗುತ್ತದೆ.

ಬಿಸಿಗಾಳಿ:
ಕೇಬಲ್ ಬಿಡಿ. ಎಕ್ಸ್264 ಯಾಕೆ ಬೇಕು ಈಗ? ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರ್ ಹಾಕಿ. ನನ್ನದರಲ್ಲಿ 4ಕೆ ವಿಡಿಯೊ ಕೂಡ ಸರಸರ ಹೋಗುತ್ತದೆ.

ಚೌಕಟ್ಟು:
ಬಿಸಿಗಾಳಿ ಅವರೇ, ಇಲ್ಲಿ ಭಾರ ಇರುವುದು ಎನ್‌ಕೋಡಿಂಗಿನಲ್ಲಿ ಅಲ್ಲ. ಕ್ಯೂಟಿಜಿಎಂಸಿ ತೆಗೆದು ಬರೀ ಎಕ್ಸ್264 ಓಡಿಸಿದರೆ ಇದೇ ಟೇಪು ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಒಂದೊಂದು ಫ್ರೇಮಿಗೂ ಹಿಂದಿನ, ಮುಂದಿನ ಫ್ರೇಮ್ ನೋಡಿ ಚಲನೆಯ ಲೆಕ್ಕ ಹಾಕಬೇಕಲ್ಲ, ಪ್ರೊಸೆಸರ್ ಸುಸ್ತಾಗುವುದು ಅಲ್ಲಿ.

ಬಿಸಿಗಾಳಿ:
ಆದರೂ ಪ್ರೊಸೆಸರಿಗೆ ಒಂದು ಕೆಲಸ ಕಡಿಮೆ ಆಗುತ್ತದೆ ಅಲ್ವಾ?

ಚೌಕಟ್ಟು:
ಆಗುತ್ತದೆ, ತೀರಾ ಸ್ವಲ್ಪ. ಅಷ್ಟಕ್ಕಾಗಿ ಅಪ್ಪನ ಟೇಪಿನ ಗುಣಮಟ್ಟ ಬಿಟ್ಟುಕೊಡಬೇಡಿ ಅಂತ ನನ್ನ ಮಾತು. ಅದೇ ಫೈಲ್ ಗಾತ್ರದಲ್ಲಿ ನಿಧಾನದ ಎಕ್ಸ್264 ನನ್ನ ಕಣ್ಣಿಗೆ ಚೆನ್ನಾಗಿಯೇ ಕಂಡಿದೆ.

ಹಳೇಟೇಪು:
ಹೊಸ ಕೇಬಲ್ ಹಾಕಿದೆ. ಐಪರ್ಫ್ 940 ತೋರಿಸುತ್ತಿದೆ. ಟೇಪಿಗೆ ಈಗಲೂ 3 ಗಂಟೆ 20 ನಿಮಿಷ. ಒಂದು ನಿಮಿಷವೂ ಕಡಿಮೆ ಆಗಲಿಲ್ಲ.

ತಂತಿಜಾಲ:
ಹಾಗಾದರೆ ಸ್ವಿಚ್ ಇರಬೇಕು. ಅಥವಾ ಲ್ಯಾಪ್‌ಟಾಪಿನ ನೆಟ್‌ವರ್ಕ್ ಡ್ರೈವರ್. ಇನ್ನೊಂದು ಪೋರ್ಟಿಗೆ ಚುಚ್ಚಿ ನೋಡಿ. ನಾನು ಹೋದ ವರ್ಷ ಮನೆಗೆಲ್ಲ 10 ಗಿಗಾಬಿಟ್ ಹಾಕಿಸಿದೆ. ನಾಲ್ಕು ಕಂಪ್ಯೂಟರ್, ಒಂದು ನ್ಯಾಸ್ (ಎಲ್ಲರಿಗೂ ಫೈಲ್ ಇಡುವ ಡಿಸ್ಕ್ ಪೆಟ್ಟಿಗೆ). ಅಂದಿನಿಂದ ಇಂಥ ತೊಂದರೆ ಒಂದೂ ಬಂದಿಲ್ಲ.

ಬಿಸಿಗಾಳಿ:
ನ್ಯಾಸ್‌ನಲ್ಲಿ ಎಷ್ಟು ಡಿಸ್ಕ್ ಹಾಕಿದ್ದೀರಿ? ಫ್ಯಾನ್ ಸದ್ದು ಜಾಸ್ತಿ ಇದೆಯಾ? ನಾನೂ ತೆಗೆದುಕೊಳ್ಳಬೇಕು ಅಂತಿದ್ದೇನೆ.

ತಂತಿಜಾಲ:
ಆರು. ಪಕ್ಕದ ಕೋಣೆಗೂ ಕೇಳಿಸುವುದಿಲ್ಲ.

ಚೌಕಟ್ಟು:
ನೆಟ್‌ವರ್ಕ್ ಬಿಡೋಣ, ಲೆಕ್ಕ ನೋಡಿ. ಪಾಲ್ (ನಮ್ಮ ಕಡೆಯ ಟಿವಿ ಪದ್ಧತಿ) ಡಿವಿಯ ಒಂದು ಫ್ರೇಮ್ 1,44,000 ಬೈಟ್. ಸೆಕೆಂಡಿಗೆ 25 ಫ್ರೇಮ್, ಅಂದರೆ 3.6 ಮೆಗಾಬೈಟ್. ಟೇಪನ್ನು ಆರಾಮಾಗಿ ಕೂತು ನೋಡುವ ವೇಗಕ್ಕೇ ಅಷ್ಟು ಸಾಕು. ಈ ಫಿಲ್ಟರ್ ಅದಕ್ಕಿಂತ ಎಷ್ಟೋ ನಿಧಾನ. ಹಾಳಾಗಿದ್ದ ಆ ಹಳೇ ಕೇಬಲ್ಲಿಗೂ ಇದು ಭಾರವೇ ಅಲ್ಲ.

ಹಳೇಟೇಪು ಅವರೇ, ನೀವು ಹೇಳದೇ ಇರುವುದು ಎರಡಿದೆ. ಕೆಲಸ ಹಂಚಿದೆ ಅಂದಿರಿ, ಹೇಗೆ ಹಂಚಿದಿರಿ? ಮತ್ತೆ, ಒಂದೊಂದು ಯಂತ್ರ ಸೆಕೆಂಡಿಗೆ ಎಷ್ಟು ಫ್ರೇಮ್ ಮುಗಿಸುತ್ತದೆ?

ಹಳೇಟೇಪು:
ಮೊದಲ 30 ನಿಮಿಷ ಡೆಸ್ಕ್‌ಟಾಪಿಗೆ, ಉಳಿದ 30 ಲ್ಯಾಪ್‌ಟಾಪಿಗೆ. ಸಮಪಾಲು. ಡೆಸ್ಕ್‌ಟಾಪ್ 12.5 ಫ್ರೇಮ್, ಲ್ಯಾಪ್‌ಟಾಪ್ 3.75. ಲ್ಯಾಪ್‌ಟಾಪ್ ಹಳೇದು, ಅದನ್ನು ಹೇಳುವುದು ಬೇಕಿಲ್ಲ ಅಂದುಕೊಂಡಿದ್ದೆ.

ಚೌಕಟ್ಟು:
ಸಿಕ್ಕಿತು. 30 ನಿಮಿಷ ಅಂದರೆ 45,000 ಫ್ರೇಮ್. 3.75ರಿಂದ ಭಾಗಿಸಿ: 12,000 ಸೆಕೆಂಡ್, ಸರಿಯಾಗಿ 3 ಗಂಟೆ 20 ನಿಮಿಷ. ಡೆಸ್ಕ್‌ಟಾಪ್ ಒಂದೇ ಗಂಟೆಯಲ್ಲಿ ತನ್ನ ಪಾಲು ಮುಗಿಸಿ ಸುಮ್ನೆ ಕೂತಿರುತ್ತದೆ.

ಟೇಪನ್ನು 2 ನಿಮಿಷದ 30 ತುಂಡು ಮಾಡಿ. ಡಿವಿಯಲ್ಲಿ ಪ್ರತಿ ಫ್ರೇಮೂ ಸ್ವತಂತ್ರ, ಎಲ್ಲಿ ಬೇಕಾದರೂ ಕತ್ತರಿಸಬಹುದು. ತುಂಡುಗಳನ್ನೆಲ್ಲ ಒಂದೇ ಶೇರ್ ಫೋಲ್ಡರಿನಲ್ಲಿಡಿ. ಯಾವ ಯಂತ್ರಕ್ಕೆ ಬಿಡುವಾಯಿತೋ ಅದು ಮುಂದಿನ ತುಂಡಿನ ಹೆಸರು ಬದಲಾಯಿಸಿ ತನ್ನದು ಮಾಡಿಕೊಳ್ಳಲಿ. ಹೆಸರು ಬದಲಾಯಿಸೋಕೆ ಮೊದಲು ಬಂದವರಿಗೆ ಮಾತ್ರ ಆಗುತ್ತದೆ, ಹಾಗಾಗಿ ಒಂದೇ ತುಂಡು ಇಬ್ಬರ ಕೈಗೆ ಹೋಗುವುದಿಲ್ಲ. ಎರಡೂ ಕಡೆ ಫಿಲ್ಟರಿನ ಆವೃತ್ತಿ ಒಂದೇ ಇರಲಿ, ಇಲ್ಲದಿದ್ದರೆ ಚಿತ್ರ ತುಂಡು ತುಂಡಿಗೂ ಬೇರೆ ಕಾಣಬಹುದು.

ತಂತಿಜಾಲ:
ಕೇಬಲ್ ಕೆಟ್ಟಿದ್ದು ಮಾತ್ರ ನಿಜ ತಾನೇ.

ಚೌಕಟ್ಟು:
ನಿಜ. ಬದಲಾಯಿಸಿದ್ದು ಒಳ್ಳೆಯದೇ ಆಯಿತು, ಟೇಪು ಫೈಲ್ ಒಂದೊಂದೂ 13 ಗಿಗಾಬೈಟ್. ಕಾಪಿ ಮಾಡುವಾಗ ಉಪಯೋಗಕ್ಕೆ ಬರುತ್ತದೆ.

ಹಳೇಟೇಪು:
1 ಗಂಟೆ 34 ನಿಮಿಷ! ಡೆಸ್ಕ್‌ಟಾಪ್ 23 ತುಂಡು, ಲ್ಯಾಪ್‌ಟಾಪ್ 7. ತುಂಬಾ ಖುಷಿಯಾಯಿತು. ಆದರೆ ತುಂಡುಗಳು ಸೇರುವ ಕಡೆ ಚಿಕ್ಕ ತೊಂದರೆ. 14ನೇ ನಿಮಿಷದಲ್ಲಿ ತಂಗಿ ಜೋಕಾಲಿ ಆಡುತ್ತಿದ್ದಾಳೆ. ಸರಿಯಾಗಿ ಅಲ್ಲೇ ಒಂದು ಕ್ಷಣ ಜಡೆಯ ಅಂಚು ನಡುಗುತ್ತದೆ, ಮಾತಿನ ಮಧ್ಯೆ ಟಿಕ್ ಅಂತ ಸದ್ದು.

ಚೌಕಟ್ಟು:
ತುಂಡಿನ ಕೊನೆಯಲ್ಲಿ ಫಿಲ್ಟರಿಗೆ ಮುಂದಿನ ಫ್ರೇಮ್ ಸಿಗುವುದಿಲ್ಲ, ಅದಕ್ಕೇ ನಡುಕ. ಪ್ರತಿ ತುಂಡಿಗೂ ಎರಡೂ ಬದಿ 25 ಫ್ರೇಮ್ ಜಾಸ್ತಿ ಕೊಟ್ಟು, ಫಿಲ್ಟರ್ ಆದ ಮೇಲೆ, ಎನ್‌ಕೋಡ್ ಆಗುವ ಮೊದಲೇ ಕತ್ತರಿಸಿ. ಟೇಪಿನ ಆರಂಭಕ್ಕೂ ಕೊನೆಗೂ ಇದು ಬೇಡ. ಕತ್ತರಿಸುವಾಗ 50 ಫ್ರೇಮ್ ತೆಗೆಯಬೇಕು, 25 ಅಲ್ಲ. ಕ್ಯೂಟಿಜಿಎಂಸಿ ಒಂದು ಫ್ರೇಮನ್ನು ಎರಡು ಮಾಡಿ ಕೊಡುತ್ತದೆ.

ಧ್ವನಿಯನ್ನು ತುಂಡು ಮಾಡಲೇಬೇಡಿ. ಧ್ವನಿ ಕುಗ್ಗಿಸುವ ಎಎಸಿ ಎನ್‌ಕೋಡರ್ ಪ್ರತಿ ತುಂಡಿನ ಶುರುವಿಗೂ ಸ್ವಲ್ಪ ಖಾಲಿ ಜಾಗ ಸೇರಿಸುತ್ತದೆ, ನಿಮಗೆ ಕೇಳಿಸುವ ಟಿಕ್ ಅದೇ ಇರಬೇಕು. ಇಡೀ ಟೇಪಿನ ಧ್ವನಿ ಒಂದೇ ಸಲ ತೆಗೆದು ಕೊನೆಯಲ್ಲಿ ಸೇರಿಸಿ.

ಹಳೇಟೇಪು:
ಎರಡೂ ಮಾಡಿದೆ. ಮೊದಲಿಗಿಂತ ಒಂದೆರಡು ನಿಮಿಷ ಜಾಸ್ತಿ ಹಿಡಿಯಿತು, ಪರವಾಗಿಲ್ಲ. 14ನೇ ನಿಮಿಷವನ್ನು ಐದು ಸಲ ಹಾಕಿ ನೋಡಿದೆ. ಜಡೆ ನಡುಗಲಿಲ್ಲ, ಟಿಕ್ ಕೂಡ ಇಲ್ಲ. ಎರಡನೇ ಟೇಪು ಈಗ ಓಡುತ್ತಿದೆ.