‘ಓದಿದಷ್ಟೂ ಕಲಿಯುತ್ತೇನೆ’: ಸ್ಪ್ಯಾನಿಷ್‌ನಲ್ಲಿ ಹೇಗೆ ಹೇಳುತ್ತೀರಿ?

ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ‘ಓದಿದಷ್ಟೂ ಕಲಿಯುತ್ತೇನೆ’ ಥರದ ವಾಕ್ಯ ಬಂದರೆ ತಡವರಿಸುತ್ತೇನೆ. ಒಂದು ಕಡೆ ‘ಕ್ವಾಂತೊ’, ಇನ್ನೊಂದು ಕಡೆ ‘ಕ್ವಾಂತಾಸ್’, ಮತ್ತೊಂದು ಕಡೆ ‘ಮಿಯೆಂತ್ರಾಸ್’. ನಿಮಗೆಲ್ಲ ಇದು ಹೇಗೆ ರೂಢಿಯಾಯಿತು?

— ನಮ್ಮ ‘ಎಷ್ಟು... ಅಷ್ಟು’ ಇದೆಯಲ್ಲ, ಅದನ್ನೇ ಹಿಡಿದುಕೊಳ್ಳಿ. ಒಂದೇ ವ್ಯತ್ಯಾಸ: ಕನ್ನಡದಲ್ಲಿ ‘ಹೆಚ್ಚು’ ಬಿಟ್ಟರೂ ನಡೆಯುತ್ತದೆ, ಅಲ್ಲಿ ‘ಮಾಸ್’ ಎರಡೂ ಕಡೆ ಬರಬೇಕು. ‘ಕ್ವಾಂತೊ ಮಾಸ್ ಲೆಯೊ, ಮಾಸ್ ಅಪ್ರೆಂದೊ.’ ಕಡಿಮೆ ಆಗುವ ಕಡೆ ‘ಮೇನೊಸ್’ ಹಾಕಿ.

— ನನಗೆ ಜಾಸ್ತಿ ಕಾಟ ಕೊಟ್ಟಿದ್ದು ನಾಮಪದ. ‘ಮಾಸ್’ ಆದ ಮೇಲೆ ನಾಮಪದ ಬಂದರೆ ‘ಕ್ವಾಂತೊ’ ಅದರ ಲಿಂಗ, ವಚನಕ್ಕೆ ತಕ್ಕಂತೆ ಬದಲಾಗುತ್ತದೆ: ‘ಕ್ವಾಂತೊಸ್ ಮಾಸ್ ಲೀಬ್ರೊಸ್’ (ಪುಸ್ತಕಗಳು), ‘ಕ್ವಾಂತಾಸ್ ಮಾಸ್ ಪಲಾಬ್ರಾಸ್’ (ಪದಗಳು). ಬರೀ ಕ್ರಿಯಾಪದವೋ ಗುಣವಾಚಕವೋ ಬಂದರೆ ‘ಕ್ವಾಂತೊ’ ಹಾಗೇ ಇರುತ್ತದೆ. ಇನ್ನೊಂದು, ಎರಡನೇ ಭಾಗದಲ್ಲಿ ‘ಮಾಸ್ ಪಲಾಬ್ರಾಸ್ ಅಪ್ರೆಂದೊ’ ಅನ್ನಿ. ‘ಮಾಸ್’ ತನ್ನ ನಾಮಪದವನ್ನು ಕರೆದುಕೊಂಡು ಮುಂದೆ ಬರುತ್ತದೆ, ಕ್ರಿಯಾಪದ ಆಮೇಲೆ. ಕನ್ನಡದವರಿಗೆ ಈ ಕ್ರಮ ಕಷ್ಟವೇ ಅಲ್ಲ, ಅಲ್ವಾ?

— ಮುಂದೆ ಆಗುವ ಮಾತಾದರೆ ಮೊದಲ ಭಾಗಕ್ಕೆ ಸಬ್‌ಜಂಕ್ಟಿವ್ (ಇನ್ನೂ ನಡೆಯದ ಸಂಗತಿಗೆ ಬಳಸುವ ಕ್ರಿಯಾಪದದ ರೂಪ) ಬೇಕು. ‘ಕ್ವಾಂತೊ ಮಾಸ್ ಆಬ್ಲೆಸ್, ಮೇನೊಸ್ ಮಿಯೇದೊ ತೆಂದ್ರಾಸ್’: ಮಾತಾಡಿದಷ್ಟೂ ನಿನ್ನ ಹೆದರಿಕೆ ಕಡಿಮೆಯಾಗುತ್ತದೆ. ಅದು ‘ಆಬ್ಲಾಸ್’ ಅಲ್ಲ, ‘ಆಬ್ಲೆಸ್’. ಮಾತು ಇನ್ನೂ ಆಡಿಲ್ಲವಲ್ಲ. ದಿನಾ ನಡೆಯುವ ಸಂಗತಿಗೆ ಸಾದಾ ವರ್ತಮಾನಕಾಲ ಸಾಕು. ನಿಯಮ ಉರು ಹೊಡೆಯುವ ಬದಲು ಒಂದೇ ವಾಕ್ಯವನ್ನು ಎರಡೂ ರೀತಿ ಜೋರಾಗಿ ಹೇಳಿ ನೋಡಿ. ನನಗೆ ಕೆಲಸ ಮಾಡಿದ್ದು ಅದೊಂದೇ.

— ಲ್ಯಾಟಿನ್ ಅಮೆರಿಕದವರ ಜೊತೆ ಮಾತಾಡುತ್ತೀರಾದರೆ ‘ಕ್ವಾಂತೊ ಮಾಸ್’ ಬದಲು ‘ಮಿಯೆಂತ್ರಾಸ್ ಮಾಸ್’ ಹಿಡಿಯಿರಿ. ಮುಂದೆ ಯಾವ ನಾಮಪದ ಬಂದರೂ ಅದು ಬದಲಾಗುವುದಿಲ್ಲ, ತಲೆನೋವು ಕಡಿಮೆ. ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆ ‘ಎಂತ್ರೆ ಮಾಸ್’ ಕೂಡ ಕೇಳಿಸುತ್ತದೆ. ಕೆಲವರ ಬಾಯಲ್ಲಿ ‘ಕೊಂತ್ರಾ ಮಾಸ್’ ಬರುತ್ತದೆ. ಅದನ್ನು ಕೇಳಿ ಸುಮ್ನಿರಿ, ಬರೆಯಬೇಡಿ. ತಪ್ಪು ಅಂತಲೇ ಗೀಟು ಬೀಳುತ್ತದೆ.

— ಬರೆಯುವಾಗ ಇದೂ ಗಮನದಲ್ಲಿರಲಿ: ಪ್ರಶ್ನೆ ಕೇಳುವ ‘ಕ್ವಾಂತೊ’ಗೆ ಸ್ವರದ ಮೇಲೆ ಗೀಟು ಇರುತ್ತದೆ, ಈ ‘ಕ್ವಾಂತೊ’ಗೆ ಇಲ್ಲ. ‘ಮಾಸ್’ಗೆ ಮಾತ್ರ ಬೇಕೇ ಬೇಕು.

— ಎಲ್ಲರಿಗೂ ಥ್ಯಾಂಕ್ಸ್. ‘ಬೇಗ ಆದಷ್ಟೂ ಒಳ್ಳೆಯದು’ ಅನ್ನುವುದಕ್ಕೂ ಇದೇನಾ?

— ಇದೇ, ಆದರೆ ಇಲ್ಲಿ ‘ಮಾಸ್’ ಬೇಡ, ಕ್ರಿಯಾಪದವೂ ಬೇಡ: ‘ಕ್ವಾಂತೊ ಆಂತೆಸ್, ಮೆಹೋರ್.’