ಟ್ಯೂಷನ್ ಮಕ್ಕಳಿಗೆ ಊಟಕ್ಕೆ ಮುಂಚೆ ಸುವಾರ್ತೆ ಹೇಳಲೇಬೇಕಾ?

ಲಿಂಗರಾಜಪುರದ ಟ್ಯೂಷನ್ ಅಕ್ಕ:

ಎಲ್ಲರಿಗೂ ಸ್ತೋತ್ರ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ನಮ್ಮದು ಚಿಕ್ಕ ಕನ್ನಡ ಸಭೆ, ಅಂದರೆ ಚರ್ಚು. ಹೆಣ್ಣೂರು ಕಡೆ ಅಪಾರ್ಟ್‌ಮೆಂಟ್ ಕಟ್ಟುವ ಜಾಗದ ಪಕ್ಕ ತಗಡಿನ ಶೆಡ್‌ಗಳಿವೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಅವರ ಮಕ್ಕಳಿಗೆ ಸಂಜೆ ನಮ್ಮ ಸಭೆಯ ಹಾಲ್‌ನಲ್ಲಿ ಕನ್ನಡ ಓದು, ಮಗ್ಗಿ, ಸ್ವಲ್ಪ ಇಂಗ್ಲಿಷ್ ಹೇಳಿಕೊಡುತ್ತೇವೆ. ಮುಗಿದ ಮೇಲೆ ಅನ್ನ ಸಾರು. ಶನಿವಾರ ಮೊಟ್ಟೆ. ಹೆಂಗಸರು ಸರದಿ ಮೇಲೆ ಅಡುಗೆ ಮಾಡುತ್ತಾರೆ, ದುಡ್ಡು ಸಭೆಯ ಕಾಣಿಕೆಯಿಂದ ಬರುತ್ತದೆ.

ಈಗ ಕಮಿಟಿಯಲ್ಲಿ ಒಬ್ಬ ಹಿರಿಯರು ಗಟ್ಟಿಯಾಗಿ ಕೂತಿದ್ದಾರೆ. "ಇಷ್ಟು ಖರ್ಚು ಮಾಡ್ತಿದ್ದೀವಿ, ಒಂದು ಕುಟುಂಬನಾದ್ರೂ ಸಭೆಗೆ ಬಂತಾ? ಹೊಟ್ಟೆ ತುಂಬಿಸೋಕೆ ಸರ್ಕಾರ ಇದೆ, ಬಿಸಿಯೂಟ ಇದೆ. ಸುವಾರ್ತೆ ಹೇಳೋಕೆ ನಾವಲ್ಲದೆ ಯಾರಿದ್ದಾರೆ?" ಅಂತ. ಊಟಕ್ಕೆ ಮುಂಚೆ ಬೈಬಲ್ ಕಥೆ, ಪ್ರಾರ್ಥನೆ ಇರಲೇಬೇಕು, ಇಲ್ಲದಿದ್ದರೆ ಆ ದುಡ್ಡು ಹಳ್ಳಿ ಸುವಾರ್ತಾ ಕೂಟಕ್ಕೆ ಹೋಗಲಿ ಅನ್ನುವುದು ಅವರ ಮಾತು. ಕೆಟ್ಟವರಲ್ಲ. ಗ್ಯಾಸ್ ಸಿಲಿಂಡರ್ ಖಾಲಿಯಾದಾಗ ಎಷ್ಟೋ ಸಲ ಸ್ವಂತ ಜೇಬಿನಿಂದ ತಂದುಕೊಟ್ಟಿದ್ದಾರೆ.

ಕಳೆದ ಶನಿವಾರ ಅವರೇ ಬಂದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೈ ಮುಗಿಸಿ ಪ್ರಾರ್ಥನೆ ಮಾಡಿಸಿದರು. ಆಮೇಲೆ ನಾನು ಬಡಿಸುತ್ತಿದ್ದಾಗ ಮೂರನೇ ಕ್ಲಾಸಿನ ಹುಡುಗ ಒಬ್ಬ ತಟ್ಟೆ ಚಾಚಿಕೊಂಡು ಮೆಲ್ಲಗೆ ಕೇಳಿದ: "ಅಕ್ಕಾ, ಇನ್ನೊಮ್ಮೆ ಕೈ ಮುಗದ್ರ ಇನ್ನೊಂದ ತತ್ತಿ ಕೊಡ್ತೀರೇನ್ರೀ?"

ಪಕ್ಕದಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ.

ಯೇಸು ಸ್ವಾಮಿಯ ಬಗ್ಗೆ ಹೇಳಬೇಕು ಅಂತ ನನಗೂ ಆಸೆ ಇದೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಸಾರಿನ ಪಾತ್ರೆ ಮುಂದೆ ಇಟ್ಟುಕೊಂಡು ಹೇಳೋಕೆ ಮನಸ್ಸು ಒಪ್ಪುತ್ತಿಲ್ಲ. ನಿಮ್ಮ ಸಭೆಗಳಲ್ಲಿ ಇದನ್ನು ಹೇಗೆ ನಿಭಾಯಿಸುತ್ತೀರಿ?

ಕೊಯ್ಲಿನ ಆಳು:

ಸಿಸ್ಟರ್, ಬೇಜಾರು ಮಾಡಿಕೊಳ್ಳಬೇಡಿ. ಆ ಹಿರಿಯರು ಕೇಳಿದ್ದರಲ್ಲಿ ತಪ್ಪೇನಿದೆ? ಸಾರುವವನಿಲ್ಲದೆ ಕೇಳುವುದು ಹೇಗೆ ಅಂತ ಬೈಬಲ್‌ನಲ್ಲಿ ಅಪೊಸ್ತಲ ಪೌಲನೇ ರೋಮಾಪುರದವರಿಗೆ ಬರೆದಿದ್ದಾನೆ. ಮೊದಲು "ಸ್ವಲ್ಪ ದಿನ ಸೇವೆ ಮಾತ್ರ ಮಾಡೋಣ" ಅನ್ನುತ್ತೇವೆ, ಆಮೇಲೆ ಯೇಸುವಿನ ಹೆಸರು ಎತ್ತೋಕೇ ಸಂಕೋಚ. ಹಾಗೆ ಶುರುವಾಗಿ ಈಗ ಹೆಸರಿಗೆ ಮಾತ್ರ ಕ್ರೈಸ್ತ ಆಗಿರುವ ಸಂಸ್ಥೆಗಳು ಈ ಊರಲ್ಲಿ ಕಡಿಮೆ ಇಲ್ಲ. ಸಂವಿಧಾನದ 25ನೇ ವಿಧಿಯಲ್ಲೇ ಧರ್ಮಪ್ರಚಾರದ ಹಕ್ಕಿದೆ. ಹೆದರಿಕೆ ಯಾಕೆ?

ರಿಟೈರ್ಡ್ ನರ್ಸಮ್ಮ, ಕಾಕ್ಸ್‌ಟೌನ್:

ಮಗಳೇ, ನಾನು ಒಂದು ಮಿಷನ್ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು. ನಿನ್ನ ಪ್ರಶ್ನೆ ನಮ್ಮ ವಾರ್ಡಿನಲ್ಲಿ ದಿನಾ ಇತ್ತು.

ಅಲ್ಲಿ ಡಾಕ್ಟರ್ ರೌಂಡ್ಸ್ ಮುಗಿದ ಮೇಲೆ ಚಾಪ್ಲಿನ್ ಅಯ್ಯನವರು, ಅಂದರೆ ಆಸ್ಪತ್ರೆಯ ಪಾದ್ರಿ, ಬರುತ್ತಿದ್ದರು. ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, ಊರು ಯಾವುದು, ಮನೇಲಿ ಯಾರಿದ್ದಾರೆ ಅಂತ ಕೇಳೋರು. ಕೊನೆಗೆ "ಪ್ರಾರ್ಥನೆ ಮಾಡಲಾ?" ಬೇಡ ಅಂದರೆ ಮುಖ ಗಂಟು ಹಾಕದೆ, ನಾಳೆ ಬರ್ತೀನಿ ಅಂತ ಹೇಳಿ ಪಕ್ಕದ ಮಂಚಕ್ಕೆ. ಮಾರನೇ ದಿನ ಬಂದೇ ಬರುತ್ತಿದ್ದರು. ಅವರಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದು ಬೇರೆ ಒಂದು ವಿಷಯ. ಬಡ ರೋಗಿಗಳಿಗೆ ಬಿಲ್ಲಿನಲ್ಲಿ ರಿಯಾಯಿತಿ ಯಾರಿಗೆ ಎಷ್ಟು ಅಂತ ತೀರ್ಮಾನಿಸುವ ಮೇಜಿನ ಹತ್ತಿರ ಅವರು ಸುಳಿಯುತ್ತಲೇ ಇರಲಿಲ್ಲ. ಯಾರಾದರೂ ಶಿಫಾರಸು ಕೇಳಿದರೆ "ನನಗೆ ಆ ಲೆಕ್ಕ ಗೊತ್ತಿಲ್ಲಪ್ಪ" ಅನ್ನೋರು. ನಿಜವಾಗಿಯೂ ಗೊತ್ತಿರಲಿಲ್ಲ. ಹಾಗಾಗಿ ಅವರಿಗೆ ಹೂಂ ಅಂದರೆ ಬಿಲ್ ಕಡಿಮೆಯಾಗುತ್ತದೆ ಅಂತ ಯಾರೂ ಅಂದುಕೊಳ್ಳುವ ಹಾಗಿರಲಿಲ್ಲ.

ನೃಪತುಂಗ ರಸ್ತೆಯ ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರಿಂದ ಇದೆ. ಅದರ ಬಾಗಿಲು ದಾಟಿದವರಲ್ಲಿ ಎಷ್ಟು ಜನ ಕ್ರೈಸ್ತರಾದರು ಅಂತ ಲೆಕ್ಕ ಹಾಕುತ್ತಾ ಕೂತರೆ ಆಸ್ಪತ್ರೆ ನಡೆಯುತ್ತದಾ? ಬೈಬಲ್‌ನ ಲೂಕ 17ರಲ್ಲಿ ಹತ್ತು ಜನ ಕುಷ್ಠರೋಗಿಗಳು ವಾಸಿಯಾದರು, ತಿರುಗಿ ಬಂದವನು ಒಬ್ಬನೇ. ಉಳಿದವರು ಎಲ್ಲಿ ಅಂತ ಸ್ವಾಮಿ ಕೇಳಿದರು, ನಿಜ. ಆದರೆ ಅವರ ರೋಗವನ್ನು ವಾಪಸ್ ಕೊಡಲಿಲ್ಲ.

ನನ್ನ ಸಲಹೆ ಇಷ್ಟೇ: ಸೌಟು ಹಿಡಿದವರು ಪ್ರಾರ್ಥನೆ ಮಾಡಿಸಬಾರದು.

ಸುರಪುರದವ:

ನಾನು ಕ್ರೈಸ್ತನಲ್ಲ. ಇದೇ ಊರಲ್ಲಿ ಇಂಥದ್ದೇ ಶೆಡ್‌ನಲ್ಲಿ ಬೆಳೆದವನು, ಈಗ ಸೈಟ್ ಎಂಜಿನಿಯರ್. ಅದಕ್ಕೇ ಹೇಳಬೇಕು ಅನ್ನಿಸಿತು.

ನಾನೂ ಇಂಥ ಟ್ಯೂಷನ್‌ಗೆ ಹೋಗುತ್ತಿದ್ದೆ. ಅಲ್ಲಿ ಯೇಸು ಸ್ವಾಮಿ ಹಾಡು ಕಲಿಸಿದ್ದರು. ಒಳ್ಳೆ ಹಾಡು, ತಾಳ ಚೆನ್ನಾಗಿತ್ತು. ಒಂದು ಮಂಗಳವಾರ ಅವ್ವ ಯಲ್ಲಮ್ಮನ ಫೋಟೋಕ್ಕೆ ಊದಿನಕಡ್ಡಿ ಹಚ್ಚುವಾಗ ನಾನು ಆ ಹಾಡು ಹೇಳಿಬಿಟ್ಟೆ. ಅಪ್ಪ ಒಂದು ಮಾತೂ ಬೈಯಲಿಲ್ಲ. ಮಾರನೇ ದಿನದಿಂದ ಟ್ಯೂಷನ್ ಬಂದ್. ಭಾಗಾಕಾರ ಅರ್ಧಕ್ಕೇ ನಿಂತಿತು. ಆಮೇಲೆ ಅದನ್ನು ಕಲಿಯೋಕೆ ನಾನು ಪಟ್ಟ ಪಾಡು ನನಗೇ ಗೊತ್ತು.

ಅಪ್ಪನ ಸಿಟ್ಟು ಹಾಡಿನ ಮೇಲಲ್ಲ. "ನಮಗೊಂದು ಮಾತು ಹೇಳಲಿಲ್ಲಲ್ಲ" ಅನ್ನುವುದು. ಟ್ಯೂಷನ್ ಅಂದರು, ಚರ್ಚಿನದು ಅಂತ ಹೇಳಲಿಲ್ಲ, ಬೋರ್ಡೂ ಇರಲಿಲ್ಲ. ಮೇಡಂ, ಪ್ರಾರ್ಥನೆ ಮಾಡಿಸದಿದ್ದರೆ ಸಾಲದು. ನೀವು ಯಾರು ಅಂತ ಮೊದಲ ದಿನವೇ ಅಪ್ಪ ಅವ್ವನಿಗೆ ಹೇಳಿ. ಸುಮ್ಮನೆ "ಸಮಾಜಸೇವೆ" ಅಂತ ಹೇಳಿ ಒಳಗೆ ಕರೆದರೆ ಅದೂ ಒಂದು ಥರ ಮೋಸ ಅಲ್ವಾ? ಯಾವತ್ತೋ ಒಂದು ದಿನ ಗೊತ್ತಾಗೇ ಆಗುತ್ತದೆ. ಶೆಡ್‌ಗಳಲ್ಲಿ ಸುದ್ದಿ ನಿಲ್ಲುವುದಿಲ್ಲ.

ಪಾಸ್ಟರ್, ಕೆ.ಆರ್. ಪುರ:

ಸುರಪುರದ ತಮ್ಮ ಹೇಳಿದ್ದನ್ನು ನಮ್ಮ ಸಭೆಗಳಲ್ಲಿ ಗಟ್ಟಿಯಾಗಿ ಓದಿಸಬೇಕು.

ಬ್ರದರ್ 25ನೇ ವಿಧಿ ಹೇಳಿದರು. ಅದೇ ವಿಧಿಯ ಮೇಲೆ 1977ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನೂ ಹೇಳಬೇಕಿತ್ತು: ಪ್ರಚಾರದ ಹಕ್ಕಿದೆ, ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅದರಲ್ಲಿ ಸೇರಿಲ್ಲ. 28ನೇ ವಿಧಿ ನೋಡಿ. ಸರ್ಕಾರದ ಮಾನ್ಯತೆ ಅಥವಾ ನೆರವು ಇರುವ ಶಾಲೆಯಲ್ಲಿ ಮಕ್ಕಳನ್ನು ಧರ್ಮಬೋಧನೆಗೆ ಕೂರಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು. ಟ್ಯೂಷನ್ ಶಾಲೆಯಲ್ಲ, ಆದರೆ ಆ ಮರ್ಯಾದೆ ನಮಗೂ ಇರಲಿ. ನಮ್ಮ ರಾಜ್ಯದ 2022ರ ಮತಾಂತರ ತಡೆ ಕಾಯ್ದೆಯಲ್ಲಿ ಉಡುಗೊರೆ, ಕೆಲಸ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಓದು ಎಲ್ಲವನ್ನೂ ಆಮಿಷದ ಪಟ್ಟಿಗೆ ಸೇರಿಸಿದರು. 2023ರ ಜೂನ್‌ನಲ್ಲಿ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ತೆಗೆದುಕೊಂಡಿತು. ಕಾಯ್ದೆ ಇರಲಿ ಬಿಡಲಿ, ಮೊಟ್ಟೆ ಕೇಳಿದ ಹುಡುಗನಿಗೆ ಕಾನೂನು ಗೊತ್ತಿರಲಿಲ್ಲ. ಆದರೂ ವ್ಯವಹಾರ ಅರ್ಥವಾಗಿತ್ತು.

ನರ್ಸಮ್ಮನ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬೈಬಲ್‌ನ ಅಪೊಸ್ತಲರ ಕೃತ್ಯಗಳು 6ರಲ್ಲಿ ವಿಧವೆಯರಿಗೆ ದಿನದ ಊಟ ಸರಿಯಾಗಿ ಹಂಚುತ್ತಿಲ್ಲ ಅಂತ ಗಲಾಟೆಯಾಗಿ ಏಳು ಜನರನ್ನು ಆರಿಸಿದರಲ್ಲ, ಅದರಲ್ಲಿ ಸ್ತೆಫನ ಇದ್ದ, ಫಿಲಿಪ್ಪನೂ ಇದ್ದ. ಊಟದ ಕೆಲಸಕ್ಕೆ ನೇಮಿಸಿದವರೇ ಮುಂದೆ ದೊಡ್ಡ ಸಾಕ್ಷಿಗಳಾದರು. ಅಂದರೆ ಸೌಟು ಹಿಡಿದ ಕೈ ಬಾಯಿ ಕಟ್ಟಿಕೊಳ್ಳಬೇಕಿಲ್ಲ. ಆದರೆ ಎಲ್ಲಿ ಮಾತಾಡಿದರು ನೋಡಿ. ಸ್ತೆಫನ ವಾದ ಮಾಡಿದ್ದು ಯೆಹೂದ್ಯರ ಸಭಾಮಂದಿರದವರ ಜೊತೆ. ಎದುರು ಮಾತಾಡುವ ಶಕ್ತಿ ಅವರಿಗಿತ್ತು. ಫಿಲಿಪ್ಪ ಸಾರಿದ್ದು ಸಮಾರ್ಯಕ್ಕೆ ಹೋಗಿ. ಊಟದ ಸಾಲಿನಲ್ಲಿ ನಿಂತ ವಿಧವೆಯರಿಗೆ ಇಬ್ಬರೂ ಷರತ್ತು ಹಾಕಲಿಲ್ಲ.

ನಿಮ್ಮ ಹಿರಿಯರಿಗೆ 1974ರ ಲೋಸಾನ್ ಒಡಂಬಡಿಕೆ ತೋರಿಸಿ. ಅದು ಸ್ವಿಟ್ಜರ್ಲೆಂಡ್‌ನ ಲೋಸಾನ್‌ನಲ್ಲಿ ಸುವಾರ್ತೆ ಸಾರುವುದಕ್ಕೇ ಒತ್ತು ಕೊಡುವ ಕ್ರೈಸ್ತರು ಸೇರಿ ಮಾಡಿದ ಘೋಷಣೆ, ಉದಾರವಾದಿಗಳದ್ದಲ್ಲ. ಸುವಾರ್ತೆ, ಸಮಾಜದ ಹೊಣೆ ಎರಡೂ ನಮ್ಮ ಕರ್ತವ್ಯ ಅಂತ ಅದರಲ್ಲಿದೆ. ಒಂದನ್ನು ಕೊಟ್ಟು ಇನ್ನೊಂದನ್ನು ಕೊಳ್ಳಿ ಅಂತ ಇಲ್ಲ.

ಲಿಂಗರಾಜಪುರದ ಟ್ಯೂಷನ್ ಅಕ್ಕ:

ಎಲ್ಲರಿಗೂ ಥ್ಯಾಂಕ್ಸ್. ಸುರಪುರದ ತಮ್ಮಾ, ನಮ್ಮ ಹಾಲ್‌ಗೆ ಬೋರ್ಡ್ ಇದೆ, ಆದರೆ ಗೇಟಿನ ಕಡೆ ಇಲ್ಲ. ಮಕ್ಕಳು ಬರುವುದು ಗೇಟಿನಿಂದಲೇ. ಅದು ಮೊದಲು ಸರಿಯಾಗಬೇಕು. ಓದಲು ಬಾರದ ತಾಯಂದಿರೇ ಜಾಸ್ತಿ ಇರುವುದರಿಂದ ಶೆಡ್‌ಗೆ ಹೋಗಿ ಬಾಯಲ್ಲೇ ಹೇಳುತ್ತೇನೆ. ಕಳುಹಿಸುವುದು ಬಿಡುವುದು ಅವರಿಷ್ಟ.

ಕೊಯ್ಲಿನ ಆಳು ಬ್ರದರ್, ಹೆದರಿಕೆಯಿಂದ ಕೇಳಿದ್ದಲ್ಲ. ನೀವು ಒಂದು ಶನಿವಾರ ಬಂದು ಬಡಿಸಿ, ಆಮೇಲೆ ಮಾತಾಡೋಣ.

ಭಾನುವಾರ ಆರಾಧನೆ ಮುಗಿದ ಮೇಲೆ ಕಮಿಟಿ ಇದೆ. ಊಟದ ಖರ್ಚಿಗೆ ಬೇರೆ ಕಾಣಿಕೆ ಕವರ್ ಇಡಿ ಅಂತ ಕೇಳುತ್ತೇನೆ. ಇಷ್ಟ ಇದ್ದವರು ಹಾಕಲಿ, ಹಳ್ಳಿ ಕೂಟದ ದುಡ್ಡು ಹಾಗೇ ಇರಲಿ. ದೊಡ್ಡವರಿಗೆ ಸುವಾರ್ತೆ ಹೇಳಬೇಕು ಅಂದರೆ ಹಿರಿಯರೇ ನನ್ನ ಜೊತೆ ಶೆಡ್‌ಗೆ ಬರಲಿ. ಆದರೆ ಬಟವಾಡೆ ದಿನ, ಅವರ ಜೇಬಿನಲ್ಲಿ ಅವರದೇ ಕಾಸು ಇರುವಾಗ. ಕೈಯಲ್ಲಿ ಕ್ಯಾರಿಯರ್ ಇರಬಾರದು. ಹಿರಿಯರು ಒಪ್ಪುತ್ತಾರಾ ನೋಡಬೇಕು. ಶೆಡ್‌ನಲ್ಲಿ ಕೂರಿಸಿ ಟೀ ಕೊಟ್ಟರೆ ಕುಡಿಯಲೂಬೇಕು ಅಂತ ಹೇಳಿದ್ದೇನೆ. ಅದಕ್ಕೆ ಮಾತ್ರ ತಕ್ಷಣ ಒಪ್ಪಿದರು.

ಇನ್ನೊಂದು ವಿಷಯ, ನಾಲ್ಕನೇ ಕ್ಲಾಸಿನ ಕನ್ನಡ ಮೀಡಿಯಂ ಗಣಿತ ಪುಸ್ತಕ ಹಳೇದು ಯಾರ ಹತ್ತಿರವಾದರೂ ಇದೆಯಾ? ನಮ್ಮಲ್ಲಿ ಇರುವುದರಲ್ಲಿ ಭಾಗಾಕಾರದ ಪುಟಗಳೇ ಹರಿದುಹೋಗಿವೆ.